ಕಿಡಕಿ ಸೀಟು: ಬದಿ ಮೊದಲು, ಸಾಲು ಆಮೇಲೆ

ವಿಮಾನದ ಟಿಕೆಟ್ ತೆಗೆದ ಮೇಲೆ ಮೊಬೈಲಿನಲ್ಲಿ ಸೀಟುಗಳ ಚಿತ್ರ ತೆರೆದುಕೊಳ್ಳುತ್ತದೆ. ಕೆಲವು ಸೀಟಿಗೆ ಜಾಸ್ತಿ ದುಡ್ಡು, ಕೆಲವು ಫ್ರೀ. "ಕಿಡಕಿ ಸೀಟು ಸಿಕ್ಕರ ಸಾಕ್ರಿ" ಅಂತ ಸಿಕ್ಕಿದ್ದನ್ನು ಒತ್ತಿಬಿಡುತ್ತೇವೆ. ಆಮೇಲೆ ನೋಡಿದರೆ ಒಬ್ಬರಿಗೆ ದಾರಿಯುದ್ದಕ್ಕೂ ರೆಕ್ಕೆ ಬಿಟ್ಟು ಬೇರೇನೂ ಕಾಣಲಿಲ್ಲ. ಇನ್ನೊಬ್ಬರು ಬಿಸಿಲು ತಾಳಲಾರದೆ ಪರದೆ ಇಳಿಸಿ ನಿದ್ದೆ ಹೋದರು. ಮತ್ತೊಬ್ಬರ ಪಕ್ಕದಲ್ಲಿ ಬರೀ ಗೋಡೆ, ಕಿಡಕಿಯೇ ಇಲ್ಲ.

ಹೊರಗಿನ ನೋಟಕ್ಕಾಗಿಯೇ ಕಿಡಕಿ ಸೀಟು ಹಿಡಿಯುವವರು ಮೊದಲು ತೀರ್ಮಾನ ಮಾಡಬೇಕಾದದ್ದು ಎಡವೋ ಬಲವೋ ಎಂಬುದು. ಎಷ್ಟನೇ ಸಾಲು ಅನ್ನೋದು ಆಮೇಲಿನ ಮಾತು. ಬದಿ ತಪ್ಪಿದರೆ ಎಷ್ಟೇ ದುಬಾರಿ ಸೀಟಾದರೂ ನೋಡಬೇಕಾದದ್ದು ಆಚೆ ಬದಿಯವರ ಪಾಲಾಗುತ್ತದೆ. ವಿಮಾನದ ಮೂಗಿನ ಕಡೆ ಮುಖ ಮಾಡಿ ಕೂತರೆ 'ಎ' ಅಕ್ಷರದ ಸೀಟು ಯಾವಾಗಲೂ ಎಡಗಡೆ ಕಿಡಕಿಗೆ. ಮೂರು-ಮೂರು ಸೀಟಿನ ಏರ್‌ಬಸ್ ಎ320, ಬೋಯಿಂಗ್ 737ರಲ್ಲಿ ಬಲಗಡೆ ಕಿಡಕಿಗೆ 'ಎಫ್'. ಎರಡು ನಡುದಾರಿ ಇರುವ ದೊಡ್ಡ ವಿಮಾನಗಳಲ್ಲಿ ಅದು ಸಾಮಾನ್ಯವಾಗಿ 'ಕೆ' ಆಗಿರುತ್ತದೆ.

ನೇರ ಕೆಳಗಿನದು ಕಾಣೋದಿಲ್ಲ

ಬದಿ ಆರಿಸುವ ಮುನ್ನ ಒಂದು ಲೆಕ್ಕ ತಿಳಿದಿರಬೇಕು. ಮಾಳಿಗೆಯ ನಡುವೆ ನಿಂತರೆ ಎದುರು ಓಣಿಯ ಮನೆಗಳು ಕಾಣುತ್ತವೆ, ನಮ್ಮದೇ ಗೋಡೆಯ ಬುಡ ಕಾಣೋದಿಲ್ಲ. ವಿಮಾನದಲ್ಲೂ ಹಾಗೆಯೇ. ಕಿಡಕಿ ಪಕ್ಕಕ್ಕೆ ನೋಡುತ್ತದೆ, ಕೆಳಕ್ಕೆ ಅಲ್ಲ. 35,000 ಅಡಿ ಅಂದರೆ ಹತ್ತೂವರೆ ಕಿಲೋಮೀಟರಿಗಿಂತ ತುಸು ಜಾಸ್ತಿ ಎತ್ತರ. ಅಲ್ಲಿಂದ ಪಕ್ಕಕ್ಕೆ 10 ಕಿ.ಮೀ. ದೂರದ ಊರು ಸುಮಾರು 45 ಡಿಗ್ರಿ ಕೆಳಗೆ ಕಾಣುತ್ತದೆ. ಅದಕ್ಕೂ ಕತ್ತು ಚಾಚಬೇಕು. 20 ಕಿ.ಮೀ. ದೂರದ್ದಾದರೆ 28 ಡಿಗ್ರಿ, ಆರಾಮಾಗಿ ಕೂತೇ ನೋಡಬಹುದು. 40 ಕಿ.ಮೀ. ದಾಟಿದರೆ 15 ಡಿಗ್ರಿ. ಆಗ ಎಲ್ಲವೂ ಒಂದರ ಮೇಲೊಂದು ಚಪ್ಪಟೆಯಾಗಿ ಕೂತು ಧೂಳು-ಮಬ್ಬಿನಲ್ಲಿ ಕರಗಲು ಶುರುವಾಗುತ್ತದೆ.

ಆ ಎತ್ತರದಿಂದ ದಿಗಂತ ಇರೋದು ಸುಮಾರು 370 ಕಿ.ಮೀ. ದೂರದಲ್ಲಿ. ಆದರೆ ಅಷ್ಟು ದೂರ ಕಂಡು ಆಗಬೇಕಾದ್ದೇನಿಲ್ಲ. ನಿಜವಾಗಿ ಗುರುತು ಹಿಡಿದು ನೋಡಲು ಸಿಗುವುದು ವಿಮಾನದ ದಾರಿಯ ಎರಡೂ ಕಡೆ 10ರಿಂದ 40 ಕಿ.ಮೀ.ವರೆಗಿನ ಒಂದು ಪಟ್ಟಿ ಅಷ್ಟೇ. ನಿಮಗೆ ಬೇಕಾದ ಹೊಳೆ, ಬೆಟ್ಟ, ಊರು ಆ ಪಟ್ಟಿಯಲ್ಲಿ ಯಾವ ಬದಿಗೆ ಬೀಳುತ್ತದೆ ಅಂತ ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ದೆಹಲಿಯಿಂದ ಬೆಂಗಳೂರಿಗೆ ನಕಾಶೆಯ ಮೇಲೆ ಒಂದು ನೇರ ಗೆರೆ ಎಳೆದು ನೋಡಿ. ಅದು ಹೆಚ್ಚುಕಡಿಮೆ ಬೀದರ್ ಊರಿನ ಮೇಲೆಯೇ ಹಾಯುತ್ತದೆ! ಪೈಲಟ್ ಅದೇ ಗೆರೆ ಹಿಡಿದ ದಿನ ಬೀದರ್ ಕೋಟೆ ಎ ಸೀಟಿನವರಿಗೂ ಇಲ್ಲ, ಎಫ್ ಸೀಟಿನವರಿಗೂ ಇಲ್ಲ. ಅದೇ ಹೈದರಾಬಾದಿನಿಂದ ಮುಂಬೈಗೆ ಗೆರೆ ಎಳೆದರೆ ಬೀದರ್ ಸುಮಾರು 40 ಕಿ.ಮೀ. ಬಲಕ್ಕೆ, ಕಲಬುರಗಿ ಅಷ್ಟೇ ದೂರ ಎಡಕ್ಕೆ ಬೀಳುತ್ತವೆ. ತಿಳಿಯಾದ ದಿನ ಎರಡೂ ಕಾಣುವ ಅಂಚಿನಲ್ಲಿವೆ. ನಮ್ಮೂರನ್ನು ಮೇಲಿನಿಂದ ನೋಡಬೇಕು ಅನ್ನುವವರಿಗೆ ಊರಿನ ಮೇಲೆ ಹಾರುವ ವಿಮಾನಕ್ಕಿಂತ ಊರನ್ನು ಪಕ್ಕಕ್ಕೆ ಬಿಟ್ಟು ಹಾರುವ ವಿಮಾನವೇ ಮೇಲು.

ವಿಮಾನಗಳು ಸ್ಕೇಲಿಟ್ಟ ಹಾಗೆ ನೇರಕ್ಕೆ ಹೋಗೋದಿಲ್ಲ ಅನ್ನೋದೂ ನಿಜ. ಗೊತ್ತುಮಾಡಿದ ವಾಯುಮಾರ್ಗ, ಮೋಡ, ನಿಲ್ದಾಣದ ಸುತ್ತಲಿನ ದಟ್ಟಣೆ ನೋಡಿ ಅಷ್ಟಿಷ್ಟು ಓರೆಯಾಗುತ್ತವೆ. ಫ್ಲೈಟ್‌ರಾಡಾರ್24ರಂಥ ಆ್ಯಪ್‌ನಲ್ಲಿ ನಿಮ್ಮ ವಿಮಾನದ ನಂಬರ್ ಹಾಕಿದರೆ ಹಿಂದಿನ ದಿನಗಳಲ್ಲಿ ಅದು ಹೋದ ದಾರಿ ಕಾಣುತ್ತದೆ. ನಾಲ್ಕಾರು ದಿನದ ಗೆರೆ ಒಂದೇ ಥರ ಇದ್ದರೆ ಅದನ್ನೇ ನಂಬಿ ಬದಿ ಆರಿಸಬಹುದು.

ಕಲಬುರಗಿಯಿಂದ ಬೆಂಗಳೂರು: ಹೋಗುವಾಗಲೂ ಬಲ, ಬರುವಾಗಲೂ ಬಲ

ಶ್ರೀನಿವಾಸ ಸರಡಗಿ ಬಳಿಯ ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾಯಿತು. ಇಲ್ಲಿನ ವಿಮಾನಗಳ ವೇಳಾಪಟ್ಟಿ ಬದಲಾಗುವುದು, ನಡುವೆ ನಿಂತು ಮತ್ತೆ ಶುರುವಾಗುವುದು ನಮಗೆಲ್ಲ ರೂಢಿಯಾಗಿದೆ. ಆದರೂ ಈ ದಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಇದರಷ್ಟು ಚೆನ್ನಾಗಿ ಬದಿಯ ಲೆಕ್ಕ ಕಲಿಸುವ ದಾರಿ ನಮಗೆ ಬೇರೆ ಇಲ್ಲ.

ಬೆಂಗಳೂರು ಕಲಬುರಗಿಯಿಂದ ಹೆಚ್ಚುಕಡಿಮೆ ನೇರ ದಕ್ಷಿಣಕ್ಕಿದೆ, ಸ್ವಲ್ಪ ಪೂರ್ವಕ್ಕೆ ಓರೆ. ಹಾಗಾಗಿ ಹೋಗುವಾಗ ಎಡಗಡೆ ಮೂಡಣ, ಬಲಗಡೆ ಪಡುವಣ. ನೇರ ಗೆರೆ ಹಿಡಿದರೆ ಮೊದಲು ಸಿಗುವುದು ಶಹಾಬಾದ್ ಸೀಮೆ. ನಮ್ಮ ಅಂಗಳ, ಪಡಸಾಲೆಗೆಲ್ಲ ಹಾಸಿದ ಕಲ್ಲು ಹೊರಟ ಜಾಗ ಅದು. ಕಲ್ಲಿನ ಗಣಿಗಳು ಬೂದು-ಬಿಳಿ ಗಾಯದ ಕಲೆಗಳಾಗಿ ಕಾಣುತ್ತವೆ. ಎಡಕ್ಕೆ ಕಾಗಿಣಾ ಹೊಳೆ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು. ಮುಂದೆ ಭೀಮೆಯ ದಂಡೆಯ ಸನ್ನತಿ ಗೆರೆಯ ಬಲಕ್ಕೆ ಬರುತ್ತದೆ. ಅಶೋಕನ ಶಾಸನ ಸಿಕ್ಕ ಊರು, ಪಕ್ಕದಲ್ಲೇ ಕನಗನಹಳ್ಳಿಯ ಸ್ತೂಪ.

ಇಲ್ಲಿಂದ ಮುಂದೆ ನೆಲವೇ ಬೇರೆಯಾಗುತ್ತದೆ. ಕಲಬುರಗಿ ಸುತ್ತಲಿನ ಕರಿ ಎರೆಭೂಮಿ ಮೇಜಿನಂತೆ ಸಮತಟ್ಟು. ಅದಾದ ಮೇಲೆ ಸುಣ್ಣದ ಕಲ್ಲಿನ ಪದರ. ಯಾದಗಿರಿ, ಶಹಾಪುರ ಬಂದ ಕೂಡಲೇ ಗ್ರಾನೈಟ್ ಬಂಡೆಗಳ ಗುಡ್ಡ ಏಳತೊಡಗುತ್ತವೆ. ಡೆಕ್ಕನ್ನಿನ ಲಾವಾ ನೆಲ ಮುಗಿದು ಅದಕ್ಕಿಂತ ಎಷ್ಟೋ ಹಳೆಯ ಕಲ್ಲು ಮೇಲೆ ಬರುವ ಜಾಗ ಅದು. ಭೂಗೋಳದ ಪುಸ್ತಕದಲ್ಲಿ ಬಣ್ಣ ಹಚ್ಚಿ ತೋರಿಸಿದ ಗಡಿಯನ್ನು ಹತ್ತೇ ನಿಮಿಷದಲ್ಲಿ ಕಣ್ಣಾರೆ ನೋಡಬಹುದು. ನನ್ನ ಕೇಳಿದರೆ ಈ ದಾರಿಯ ಅತಿ ಚೆಂದದ ಭಾಗ ಇದೇ. ಬಹಳ ಜನ ಅಷ್ಟು ಹೊತ್ತಿಗೆ ನೀರು-ಚಹಾದ ಗಾಡಿ ಬಂತಾ ಅಂತ ನೋಡುತ್ತಿರುತ್ತಾರೆ.

ಬುದ್ಧ ಮಲಗಿದಂತೆ ಕಾಣುವ ಶಹಾಪುರದ ಬೆಟ್ಟಸಾಲೂ ಗೆರೆಯ ಬಲಕ್ಕಿದೆ. ನೋಡಲು ಸರಿಯಾದ ದೂರ. ಮೇಲಿನಿಂದ ಆ ಆಕಾರ ಕಾಣೋದಿಲ್ಲ ಅನ್ನೋದು ನೆನಪಿರಲಿ, ಅದು ನೆಲದ ಮೇಲೆ ನಿಂತವರಿಗೆ ಮಾತ್ರ. ಯಾದಗಿರಿ ಊರು, ಅದರ ಗುಡ್ಡದ ಕೋಟೆ ಎಡಗಡೆ. ಭೀಮೆ ಕೃಷ್ಣೆಯನ್ನು ಕೂಡುವ ಸಂಗಮವೂ ಎಡಕ್ಕೆ, ಅದರಾಚೆ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು. ಹೊಗೆ ಇದ್ದರೆ ದೂರದಿಂದಲೇ ಗುರುತು ಸಿಗುತ್ತದೆ. ಮುಂದೆ ಮಂತ್ರಾಲಯವೂ ಎಡಬದಿಯೇ. ಬಳ್ಳಾರಿ ಬಲಕ್ಕೆ. ಬೆಂಗಳೂರಿಗೆ ನೂರು ಚಿಲ್ಲರೆ ಕಿ.ಮೀ. ಇರುವಾಗ ಪಾವಗಡದ ಸೋಲಾರ್ ಪಾರ್ಕ್ ಬಲಗಡೆ ಬರುತ್ತದೆ. 13,000 ಎಕರೆಯ ಕಪ್ಪು-ನೀಲಿ ಹಾಸು, ಮೊದಲ ಸಲ ನೋಡಿದವರು ಕೆರೆ ಅಂದುಕೊಳ್ಳುತ್ತಾರೆ.

ಎರಡೂ ಬದಿಗೆ ಏನಾದರೂ ಇದೆ, ಹಾಗಾದರೆ ಆರಿಸೋದು ಹೇಗೆ? ಇಲ್ಲೇ ಸೂರ್ಯ ಬರೋದು.

ಬಿಸಿಲು ಬೆನ್ನಿಗಿರಲಿ

ಸೂರ್ಯ ಇರುವ ಬದಿಗೆ ಕೂತರೆ ಮೂರು ತೊಂದರೆ. ಕಣ್ಣು ಕುಕ್ಕುತ್ತದೆ. ಗಾಜಿನ ಮೇಲಿನ ಗೀರು, ಕೊಳೆ ಎಲ್ಲ ಹೊಳೆದು ಹೊರಗಿನದು ಮಸುಕಾಗುತ್ತದೆ. ಗಾಳಿಯಲ್ಲಿನ ಧೂಳು ಸೂರ್ಯನ ದಿಕ್ಕಿಗೆ ಬೆಳ್ಳಗೆ ಹೊಳೆಯುವುದರಿಂದ ನೆಲದ ಬಣ್ಣವೂ ಕಾಣೋದಿಲ್ಲ. ಎದುರು ಬದಿಗೆ ಕೂತವರಿಗೆ ಬಿಸಿಲು ಬೆನ್ನ ಹಿಂದಿನಿಂದ ಬಂದು ನೆಲವನ್ನು ಬೆಳಗುತ್ತದೆ. ತೊಗರಿ ಹೊಲದ ಹಸಿರು, ಬೀದರಿನ ಕೆಂಪು ಮಣ್ಣು, ಎರೆಯ ಕಪ್ಪು ಎಲ್ಲ ಬೇರೆಬೇರೆಯಾಗಿ ಎದ್ದು ಬರುತ್ತವೆ.

ಬೆಳಿಗ್ಗೆ ಬೆಂಗಳೂರಿಗೆ ಹೊರಟವರಿಗೆ ಸೂರ್ಯ ಎಡಗಡೆ. ಹಾಗಾಗಿ ಬಲಗಡೆ ಕೂರಿ: ಶಹಾಪುರದ ಬೆಟ್ಟ, ಪಾವಗಡ ನಿಮ್ಮವು. ಸಂಜೆ ವಾಪಸ್ ಬರುವಾಗ ವಿಮಾನ ಬಡಗಣಕ್ಕೆ ಮುಖ ಮಾಡಿರುತ್ತದೆ, ಸೂರ್ಯ ಪಡುವಣದಲ್ಲಿ ಅಂದರೆ ಮತ್ತೆ ಎಡಕ್ಕೆ. ಆಗಲೂ ಬಲಗಡೆಯೇ ಕೂರಿ. ಈಗ ನಿಮ್ಮ ಬಲಕ್ಕೆ ಮೂಡಣ ಬದಿ: ಮಂತ್ರಾಲಯ, ಶಕ್ತಿನಗರ, ಸಂಗಮ, ಯಾದಗಿರಿ. ಎರಡೂ ಸಲ ಎಫ್ ಬದಿ ಹಿಡಿದವರು ಎರಡೂ ಕಡೆಯ ನೆಲ ನೋಡುತ್ತಾರೆ, ಎರಡೂ ಸಲ ಬಿಸಿಲು ಬೆನ್ನಿಗೆ. ಸಂಜೆ ಹೋಗಿ ಬೆಳಿಗ್ಗೆ ಬರುವವರಿಗೆ ಇದು ತಿರುಗಾಮುರುಗಾ, ಎರಡೂ ಸಲ ಎಡ.

ಇದಕ್ಕೆ ಒಂದು ಅಪವಾದ ಇದೆ, ನೀರು. ಕೆರೆ, ಹೊಳೆ, ಕಾಲುವೆ ಹುಡುಕಬೇಕಿದ್ದರೆ ಸೂರ್ಯನ ಬದಿಯೇ ಚೆನ್ನ. ವಿಮಾನ ಓಡಿದಂತೆ ಸೂರ್ಯನ ಪ್ರತಿಬಿಂಬವೂ ನೆಲದ ಮೇಲೆ ಓಡುತ್ತದೆ. ಕಣ್ಣಿಗೆ ಬೀಳದ ಸಣ್ಣ ಹಳ್ಳ, ನೀರು ನಿಂತ ಗದ್ದೆ ಕೂಡ ಒಂದು ಕ್ಷಣ ಬೆಳ್ಳಿಯಾಗಿ ಹೊಳೆದು ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಇದನ್ನು ನೋಡುವುದೇ ಒಂದು ಮಜಾ.

ಮುಂಬೈ ದಾರಿಗೆ ಇದು ಸರಿಯಾಗಿ ಹೊಂದುತ್ತದೆ. ಹೈದರಾಬಾದಿನಿಂದ ಹೊರಟರೆ ಸೂರ್ಯ ವರ್ಷದ ಬಹುಭಾಗ ದಕ್ಷಿಣಕ್ಕೆ, ಅಂದರೆ ಎಡಕ್ಕೆ ಇರುತ್ತಾನೆ. ಬಣ್ಣ ಬೇಕಿದ್ದವರು ಬಲಕ್ಕೆ ಕೂತು ಬೀದರಿನ ಕೆಂಪು ದಿಬ್ಬ, ಕಾರಂಜಾ ಜಲಾಶಯ ಹುಡುಕಬಹುದು. ಆದರೆ ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟು ಬರೋದು ಎಡಗಡೆ. ಮಹಾರಾಷ್ಟ್ರದಲ್ಲಿ ಮಳೆ ಜೋರಾದಾಗ 'ಉಜನಿಯಿಂದ ನೀರು ಬಿಟ್ಟಾರಂತ' ಎಂಬ ಸುದ್ದಿಗೆ ಅಫಜಲಪುರದ ಹೊಳೆದಂಡೆಯ ಮಂದಿ ಸಾಮಾನು ಕಟ್ಟುತ್ತಾರಲ್ಲ, ಅದೇ ಉಜನಿ. ಆ ನೀರಿನ ಹರವನ್ನು ಒಮ್ಮೆ ಮೇಲಿನಿಂದ ನೋಡಿದರೆ ಭೀಮೆಗೆ ಪ್ರವಾಹ ಯಾಕೆ ಬರುತ್ತದೆ ಅಂತ ಬೇರೆಯವರು ಹೇಳಬೇಕಿಲ್ಲ. ನಾನಾದರೆ ಬಿಸಿಲು ತಡೆದುಕೊಂಡು ಎಡಕ್ಕೇ ಕೂರುತ್ತೇನೆ.

ಇನ್ನೊಂದು ಸಣ್ಣ ವಿಷಯ. ಕಲಬುರಗಿ 17 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿದೆ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ದಿನಗಳವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಬಡಗಣಕ್ಕೆ ಇರುತ್ತಾನೆ. 'ಸೂರ್ಯ ದಕ್ಷಿಣಕ್ಕೆ' ಎಂಬ ಲೆಕ್ಕ ಆಗ ನಡೆಯೋದಿಲ್ಲ. ನೆತ್ತಿಯ ಮೇಲಿನ ಬಿಸಿಲಿಗೆ ನೆರಳೇ ಬೀಳದ್ದರಿಂದ ಗುಡ್ಡ, ಕಣಿವೆ ಎಲ್ಲ ಒಂದೇ ಮಟ್ಟ ಕಾಣುತ್ತವೆ. ಬೆಳಿಗ್ಗೆ ಅಥವಾ ಇಳಿಹೊತ್ತಿನ ವಿಮಾನವೇ ವಾಸಿ.

ಸೂರ್ಯಾಸ್ತವೇ ಬೇಕು ಅನ್ನುವವರಿಗೆ ಪಡುವಣಕ್ಕೆ ಓಡುವ ಸಂಜೆ ವಿಮಾನದಷ್ಟು ಒಳ್ಳೆಯದು ಬೇರೆ ಇಲ್ಲ. ನಮ್ಮ ಅಕ್ಷಾಂಶದಲ್ಲಿ ಭೂಮಿಯ ಮೈ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಮೂಡಣಕ್ಕೆ ತಿರುಗುತ್ತಿರುತ್ತದೆ. ವಿಮಾನ 800 ಕಿ.ಮೀ. ವೇಗದಲ್ಲಿ ಅದಕ್ಕೆ ಎದುರಾಗಿ ಓಡಿದರೆ ಸಂಜೆ ಎರಡು ಪಟ್ಟು ಉದ್ದವಾಗುತ್ತದೆ. ಡಿಸೆಂಬರಿನಲ್ಲಿ ಹೈದರಾಬಾದ್–ಮುಂಬೈ ವಿಮಾನದ ಎಡಗಡೆ, ಸ್ವಲ್ಪ ಮುಂದಕ್ಕೆ ಸೂರ್ಯ ಮುಳುಗುತ್ತಾನೆ. ಜೂನಿನಲ್ಲಿ ಹೆಚ್ಚುಕಡಿಮೆ ಮೂಗಿನ ನೇರಕ್ಕೆ. ಆಗ ಅದು ಪೈಲಟ್‌ಗಳಿಗಷ್ಟೇ.

ಮೋಡ ಮುಚ್ಚಿದ ದಿನ ಸೂರ್ಯನಿಗೆ ಎದುರು ಬದಿಯಲ್ಲಿ ಕೂತವರು ಕೆಳಗಿನ ಮೋಡದ ಮೇಲೆ ವಿಮಾನದ ನೆರಳು ಹುಡುಕಬೇಕು. ಅದರ ಸುತ್ತ ಬಣ್ಣಬಣ್ಣದ ಬಳೆಗಳು ಕಾಣುತ್ತವೆ. ಇದಕ್ಕೆ ಗ್ಲೋರಿ ಅನ್ನುತ್ತಾರೆ. ಮೋಡದ ಸಣ್ಣ ಹನಿಗಳು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುವುದರಿಂದ ಆಗುವ ಆಟ. ಬಳೆಯ ನಟ್ಟನಡುವೆ ಇರೋದು ನೀವು ಕೂತ ಜಾಗದ ನೆರಳು. ಹಿಂದಿನ ಸಾಲಿನವರಿಗೆ ನಡುವೆ ಕಾಣುವುದು ಅವರ ಜಾಗದ್ದು.

ರೆಕ್ಕೆ, ಎಂಜಿನ್, ಗೋಡೆ

ಬದಿ ಗೊತ್ತಾದ ಮೇಲೆ ಸಾಲು. ಎ320, 737ರಲ್ಲಿ ರೆಕ್ಕೆ ಇರೋದು ಕಿಡಕಿಗಿಂತ ಕೆಳಗೆ, ನಡುಭಾಗದ ಸಾಲುಗಳ ಪಕ್ಕ. ಅಲ್ಲಿ ಕೂತರೆ ನೆಲದ ಬಹುಪಾಲನ್ನು ರೆಕ್ಕೆ ನುಂಗುತ್ತದೆ. ರೆಕ್ಕೆಗಿಂತ ಮುಂದಿನ ಸಾಲುಗಳೇ ಉತ್ತಮ. ಹಿಂದಿನ ಸಾಲುಗಳಿಂದಲೂ ನೆಲ ಕಾಣುತ್ತದೆ, ಆದರೆ ಎಂಜಿನ್ನಿನ ಬಿಸಿ ಗಾಳಿ ಕಣ್ಣೆದುರೇ ಹಾದು ಹೋಗುವುದರಿಂದ ದೃಶ್ಯ ಬೇಸಿಗೆಯ ಡಾಂಬರು ರಸ್ತೆಯ ಮೇಲಿನದರಂತೆ ನಡುಗುತ್ತದೆ. ಫೋಟೋ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತು. ಮುಂದಿನ ಸಾಲಿಗೆ ಕಂಪನಿಗಳು ಜಾಸ್ತಿ ಹಣ ಕೇಳುತ್ತವೆ. ಅಷ್ಟು ಕೊಡುವ ಮನಸ್ಸಿಲ್ಲದಿದ್ದರೆ ಸರಿಯಾದ ಬದಿಯ ಹಿಂದಿನ ಸಾಲು ತೆಗೆದುಕೊಳ್ಳಿ. ತಪ್ಪು ಬದಿಯ ಮುಂದಿನ ಸಾಲಿಗಿಂತ ಅದು ಸಾವಿರ ಪಾಲು ವಾಸಿ.

ಸಣ್ಣ ವಿಮಾನಗಳಲ್ಲಿ ಲೆಕ್ಕ ಬದಲಾಗುತ್ತದೆ. ಕಲಬುರಗಿಗೆ ಮೊದಲು ಬಂದ ಸ್ಟಾರ್ ಏರ್‌ನ ಎಂಬ್ರೇಯರ್ 145ರಲ್ಲಿ 50 ಸೀಟು. ಎಡಗಡೆ ಒಂದೊಂದೇ ಸೀಟು, ಬಲಗಡೆ ಎರಡೆರಡು. ಎಂಜಿನ್‌ಗಳು ಬಾಲದ ಹತ್ತಿರ ಇರುವುದರಿಂದ ಅದರಲ್ಲಿ ತೀರ ಹಿಂದೆ ಕೂತವರಿಗೇ ನಷ್ಟ, ಜೊತೆಗೆ ಸದ್ದೂ ಅಲ್ಲೇ ಜಾಸ್ತಿ. ಎಂಬ್ರೇಯರ್ 175ರಲ್ಲಿ ಎರಡು-ಎರಡು ಸೀಟು, ನಡು ಸೀಟಿನ ಕಾಟವೇ ಇಲ್ಲ. ಎಂಜಿನ್ ಮಾತ್ರ ರೆಕ್ಕೆಯ ಕೆಳಗಿದೆ.

ಎಟಿಆರ್ 72 ಬೇರೆಯೇ ಜಾತಿ. 2020ರ ಫೆಬ್ರವರಿಯಲ್ಲಿ ಬೀದರಿಗೆ ಟ್ರೂಜೆಟ್ ತಂದದ್ದು ಇದೇ ಪಂಖದ ವಿಮಾನ. ಇದರ ರೆಕ್ಕೆ ಮೈಯ ಮೇಲುಗಡೆ ಇರುವುದರಿಂದ ನಡುವೆ ಕೂತರೂ ನೆಲಕ್ಕೆ ಅಡ್ಡಿಯಿಲ್ಲ. ಹಾರುವುದು ಜೆಟ್‌ಗಿಂತ ಕೆಳಗೆ, ವೇಗವೂ ಕಡಿಮೆ. ನೋಟಕ್ಕೆ ಇದಕ್ಕಿಂತ ಒಳ್ಳೆಯ ವಿಮಾನ ನಮ್ಮ ಕಡೆ ಹಾರಿಲ್ಲ ಅನ್ನೋದು ನನ್ನ ಅಭಿಪ್ರಾಯ. ಮುಂದಿನ ಕೆಲವು ಸಾಲುಗಳ ಪಕ್ಕ ಪಂಖ, ಎಂಜಿನ್ ಬರುತ್ತವೆ, ಅವನ್ನು ಬಿಟ್ಟು ಹಿಂದಕ್ಕೆ ಕೂರಬೇಕು. ಹತ್ತುವ ಬಾಗಿಲೂ ಹಿಂದೆಯೇ ಇದೆ.

ಇನ್ನು ಕಿಡಕಿಯಿಲ್ಲದ ಕಿಡಕಿ ಸೀಟಿನ ಗುಟ್ಟು. ಕಿಡಕಿಗಳನ್ನು ಕೊರೆಯುವವರು ವಿಮಾನ ಕಟ್ಟುವವರು. ಲೋಹದ ಪಕ್ಕೆಲುಬುಗಳ ನಡುವೆ, ಎ320ರಲ್ಲಿ ಸುಮಾರು 21 ಇಂಚಿಗೊಂದರಂತೆ. ಸೀಟುಗಳನ್ನು ಜೋಡಿಸುವುದು ವಿಮಾನ ಕಂಪನಿ, ನೆಲದ ಹಳಿಯ ಮೇಲೆ ತನಗೆ ಬೇಕಾದ ಅಂತರಕ್ಕೆ. ಕಡಿಮೆ ದರದ ಕಂಪನಿಗಳಲ್ಲಿ 28ರಿಂದ 30 ಇಂಚು. 21 ಮತ್ತು 29 ಒಂದಕ್ಕೊಂದು ಹೊಂದೋದಿಲ್ಲ. ಅದಕ್ಕೇ ಒಂದು ಸಾಲಿನವರಿಗೆ ಎರಡು ಕಿಡಕಿ, ಮುಂದಿನವರಿಗೆ ಒಂದೂವರೆ, ಅದರಾಚೆಯವರಿಗೆ ಕಿವಿಯ ಹಿಂದೆ ಒಂದು. ಬೋಯಿಂಗ್ 737ರಲ್ಲಿ ಎಡಗಡೆ, ರೆಕ್ಕೆಗಿಂತ ತುಸು ಮುಂದೆ, ಎಸಿ ಗಾಳಿಯ ಕೊಳವೆ ಗೋಡೆಯೊಳಗೆ ಮೇಲೇರುವ ಜಾಗದಲ್ಲಿ ಕಿಡಕಿ ಇಟ್ಟೇ ಇಲ್ಲ. ಸೀಟಿನ ಚಿತ್ರದಲ್ಲಿ ಅದೂ ಕಿಡಕಿ ಸೀಟೇ! ನಿಮ್ಮ ವಿಮಾನದ ಹೆಸರು ಮತ್ತು ಸಾಲಿನ ನಂಬರ್ ಹಾಕಿ ಅಂತರ್ಜಾಲದಲ್ಲಿ ಹುಡುಕಿದರೆ ಅಲ್ಲಿ ಕೂತವರು ತೆಗೆದ ಫೋಟೋ ಸಿಗುವುದುಂಟು. ದುಡ್ಡು ಕೊಡುವ ಮುನ್ನ ಇಷ್ಟು ನೋಡಿದರೆ ಸಾಕು.

ಯಾವ ತಿಂಗಳು

ಅಕ್ಟೋಬರ್, ನವೆಂಬರ್. ಮಳೆ ಗಾಳಿಯನ್ನು ತೊಳೆದಿರುತ್ತದೆ, ಕೆರೆ ತುಂಬಿರುತ್ತವೆ, ತೊಗರಿ ಎದೆಮಟ್ಟ ನಿಂತಿರುತ್ತದೆ. ಏಪ್ರಿಲ್-ಮೇನಲ್ಲಿ ಧೂಳಿನ ಮಬ್ಬು. ಮಳೆಗಾಲದಲ್ಲಿ ನೆಲ ಸಿಗದಿದ್ದರೂ ಮೋಡ ಸಿಗುತ್ತದೆ, ಅದೇನು ಕಡಿಮೆ ನೋಟವಲ್ಲ. ರಾತ್ರಿ ವಿಮಾನದಲ್ಲಿ ತಲೆಯ ಮೇಲಿನ ದೀಪ ಆರಿಸಿ, ಟವೆಲ್ ಅಥವಾ ಶಾಲನ್ನು ತಲೆಗೂ ಕಿಡಕಿಗೂ ಸೇರಿಸಿ ಹೊದ್ದುಕೊಂಡರೆ ಗಾಜಿನ ಮೇಲಿನ ಒಳಬೆಳಕು ಹೋಗಿ ಊರೂರ ದೀಪ ಕಾಣುತ್ತವೆ. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಹಗಲು ಫೋಟೋ ತೆಗೆಯುವಾಗ ಮೊಬೈಲನ್ನು ಗಾಜಿನ ತೀರ ಹತ್ತಿರ ಹಿಡಿಯಿರಿ, ಒತ್ತಬೇಡಿ, ಒತ್ತಿದರೆ ವಿಮಾನದ ನಡುಕ ಫೋಟೋಗೂ ಬರುತ್ತದೆ. ಕಪ್ಪು ಅಂಗಿ ಹಾಕಿದ್ದರೆ ಗಾಜಿನಲ್ಲಿ ನಿಮ್ಮದೇ ಬಿಂಬ ಕಮ್ಮಿ. ಪೋಲರೈಸ್ಡ್ ತಂಪು ಕನ್ನಡಕ ತೆಗೆದಿಡಿ, ಕಿಡಕಿಯ ಪ್ಲಾಸ್ಟಿಕ್ ಅದರಲ್ಲಿ ಕಾಮನಬಿಲ್ಲಿನ ಪಟ್ಟೆಯಾಗಿ ಕಾಣುತ್ತದೆ. ಕೆಳಗೆ ಯಾವ ಊರು ಅಂತ ತಿಳಿಯಲು ಮನೆಯಲ್ಲೇ ಆಫ್‌ಲೈನ್ ನಕಾಶೆ ಇಳಿಸಿಕೊಳ್ಳಿ. ಏರೋಪ್ಲೇನ್ ಮೋಡ್‌ನಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ, ಅದು ಉಪಗ್ರಹದ ಸಂಕೇತ ಹಿಡಿಯುತ್ತದೆಯೇ ಹೊರತು ತಾನೇನೂ ಕಳಿಸುವುದಿಲ್ಲ. ಮೊಬೈಲ್ ಕಿಡಕಿಗೆ ತಾಗಿದ ಹಾಗಿರಬೇಕು ಅಷ್ಟೇ.

ಬೀದರ್ ಮಾತ್ರ ಬೇರೆ. ಅಲ್ಲಿನ ನಿಲ್ದಾಣ ವಾಯುಪಡೆಯ ನೆಲೆಯ ರನ್‌ವೇಯನ್ನೇ ಬಳಸುತ್ತದೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ನೆಲೆಯೂ ಅದೇ. ಅಂಥ ಜಾಗದಲ್ಲಿ ಫೋಟೋ, ವಿಡಿಯೋ ಮಾಡುವ ಹಾಗಿಲ್ಲ. ಪರದೆ ಇಳಿಸಿ ಎಂದು ಸಿಬ್ಬಂದಿ ಹೇಳಿದರೆ ಇಳಿಸಬೇಕು. ಸಾಕಷ್ಟು ಮೇಲೇರಿದ ಮೇಲೆ ತೆರೆಯಲು ಅವರೇ ಹೇಳುತ್ತಾರೆ.

ಇಷ್ಟೆಲ್ಲ ಲೆಕ್ಕ ಹಾಕಿ ಸೀಟು ತೆಗೆದ ಮೇಲೂ ಕೊನೆ ಗಳಿಗೆಯಲ್ಲಿ ಕಂಪನಿ ವಿಮಾನವನ್ನೇ ಬದಲಿಸಿ ಸಾಲು ತಪ್ಪಿಸಬಹುದು. ಆಗ ಬಾಗಿಲು ಹಾಕುವವರೆಗೆ ಸುಮ್ನೆ ಕೂತಿರಿ. ಎಲ್ಲರೂ ಹತ್ತಿದ ಮೇಲೆ ನಿಮಗೆ ಬೇಕಾದ ಬದಿಯಲ್ಲಿ ಕಿಡಕಿ ಸೀಟು ಖಾಲಿ ಉಳಿದಿದ್ದರೆ ಸಿಬ್ಬಂದಿಯನ್ನು ಕೇಳಿ. ಸಣ್ಣ ವಿಮಾನದಲ್ಲಿ ತೂಕದ ಲೆಕ್ಕ ಇರುವುದರಿಂದ ಕೇಳದೆ ಎದ್ದು ಹೋಗಬೇಡಿ. "ಅಕ್ಕಾ, ಆ ಕಡೆ ಕೂಡ್ಲೇನ್ರಿ?" ಅಂದರೆ ಸಾಮಾನ್ಯವಾಗಿ ಬೇಡ ಅನ್ನೋದಿಲ್ಲ.